ಪಾತ್ರ ಯಾರದ್ದು?

ಈ ಸಲದ ಎಪಿಸೋಡ್ ಕೇಳಿದವರಿಗೆ ಗೊತ್ತಿರುತ್ತೆ, ಕೊನೆಯ ಹತ್ತು ನಿಮಿಷದಲ್ಲಿ ನಾನೊಂದು ಪ್ರಶ್ನೆ ಎತ್ತಿ, ಹೊತ್ತಾಯ್ತು ಅಂತ ಅರ್ಧಕ್ಕೇ ಬಿಟ್ಟೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟಗಳಲ್ಲಿ ನಾವು ಕಟ್ಟುವ ಪಾತ್ರ ಯಾರಿಗೆ ಸೇರಿದ್ದು? ಆಡುವವನಿಗಾ, ಮೇಜಿನ ಸುತ್ತ ಜೊತೆಗೆ ಕೂತವರಿಗಾ, ಇಲ್ಲಾ ಆ ಪಾತ್ರವನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಂಡ ಕಂಪನಿಗಾ? ಮಕ್ಕಳಾಟದ ಪ್ರಶ್ನೆ ಅನ್ನಿಸಬಹುದು. ಆದರೆ ದುಬೈನಲ್ಲಿ ನಮ್ಮ ಮೇಜಿಗೆ ಈ ಪ್ರಶ್ನೆ ನಿಜವಾಗಿಯೇ ಎದುರಾಯ್ತು, ಅದೂ ಜಗಳದ ರೂಪದಲ್ಲಿ. ಅದನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಬರೀತೀನಿ.

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳೋದಾದರೆ, 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ನಾಲ್ಕೈದು ಜನ ಒಂದೊಂದು ಪಾತ್ರ ವಹಿಸ್ತಾರೆ. ಒಬ್ಬರು ಕಥೆ ನಡೆಸ್ತಾರೆ, ಅವರನ್ನು ಡಿಎಮ್ ಅಂತಾರೆ. ವೇಷ ಇಲ್ಲ, ರಂಗಸ್ಥಳ ಇಲ್ಲ, ಬಾಯಿಪಾಠ ಮಾಡಿದ ಮಾತೂ ಇಲ್ಲ. ನನ್ನ ಪಾತ್ರ ಬಾಗಿಲು ಒಡೀತಾನಾ, ಒಳಗಿರೋರ ಜೊತೆ ಮಾತಾಡ್ತಾನಾ ಅನ್ನೋದನ್ನು ನಾನು ಕೂತಲ್ಲೇ ಹೇಳಬೇಕು. ಅದು ಕೈಗೂಡುತ್ತಾ ಇಲ್ವಾ ಅನ್ನೋದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತೆ. ಕರಾವಳಿಯವರಿಗೆ ಇದನ್ನು ಒಂದೇ ಮಾತಲ್ಲಿ ಹೇಳಬಹುದು: ದಾಳ ಹಾಕಿ ಆಡೋ ತಾಳಮದ್ದಳೆ. ಯಕ್ಷಗಾನದಲ್ಲಿ ಭಾಗವತರನ್ನೇ ಮೊದಲನೇ ವೇಷ ಅಂತಾರಲ್ಲ, ಡಿಎಮ್ ಸ್ಥಾನ ಹೆಚ್ಚುಕಡಿಮೆ ಅದೇ.

ಪಾತ್ರಕ್ಕೆ ಒಂದು ಹಾಳೆ ಇರುತ್ತೆ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅಂತ ಆರು ಗುಣ, ಆರಕ್ಕೂ ಅಂಕಿ. ಮೊದಲ ಕಾಲದಲ್ಲಿ ಮೂರು ದಾಳ ಉರುಳಿಸಿ ಬಂದ ಮೊತ್ತವನ್ನು ಬರೆದುಕೊಳ್ತಿದ್ದರು. ಸರಾಸರಿ 10.5. ಹದಿನೆಂಟು ಬೀಳೋದು 216ಕ್ಕೆ ಒಂದು ಸಲ, ಮೂರು ಬೀಳೋದೂ ಅಷ್ಟೇ ಅಪರೂಪ. ಅಂಕಿಯಲ್ಲಿ ಹತ್ತು ಕಳೆದು, ಅರ್ಧ ಮಾಡಿ, ಕೆಳಗಿನ ಪೂರ್ಣಾಂಕ ತಗೊಂಡರೆ ದಾಳಕ್ಕೆ ಸೇರಿಸುವ ಸಂಖ್ಯೆ ಸಿಗುತ್ತೆ. ಇದು ಸುಲಭ. ಇದರ ಮೇಲೆ ವರ್ಗ, ಹಂತ, ಮಂತ್ರ, ಆಯುಧ, ಕವಚ ಎಲ್ಲಾ ಸೇರಿ ಲೆಕ್ಕ ಎಷ್ಟು ಬೆಳೆಯುತ್ತೆ ಅಂದರೆ, 2014ರ ಆಟಗಾರರ ಕೈಪಿಡಿ 320 ಪುಟ, 2024ರದ್ದು 384 ಪುಟ.

ಸಾಫ್ಟ್‌ವೇರ್ ಬಂದಿದ್ದು ಈ ಲೆಕ್ಕಕ್ಕಾಗಿ. ಇಪ್ಪತ್ತು ವರ್ಷದ ಹಿಂದೆ ಪಿಸಿಜೆನ್ ಅಂತ ಒಂದು ಮುಕ್ತ ತಂತ್ರಾಂಶ ಇತ್ತು, ಜಾವಾದಲ್ಲಿ ಬರೆದದ್ದು. ನೋಡೋಕೆ ಆದಾಯ ತೆರಿಗೆ ಫಾರ್ಮ್ ಥರ ಇದ್ದರೂ ಕೆಲಸ ಮಾಡ್ತಿತ್ತು. ಈಗ ಬಹುತೇಕರು ಬಳಸೋದು 2017ರಲ್ಲಿ ಶುರುವಾದ ಡಿ ಅಂಡ್ ಡಿ ಬಿಯಾಂಡ್. ಕುಲ ಆರಿಸಿ, ವರ್ಗ ಆರಿಸಿ, ಹಿನ್ನೆಲೆ ಆರಿಸಿ ಅಂತ ಅದು ಕೈಹಿಡಿದು ನಡೆಸುತ್ತೆ. ಕೂಡೋದು ಕಳೆಯೋದು ತಾನೇ ಮಾಡುತ್ತೆ. ಇದರ ಉಪಕಾರ ದೊಡ್ಡದು, ನಾನು ಹೀಗಳೆಯೋಕೆ ಹೊರಟಿಲ್ಲ. ನಮ್ಮ ಮೇಜಿಗೆ ಬರುವ ಹದಿನಾಲ್ಕು ವರ್ಷದ ಹುಡುಗ ಕೈಪಿಡಿಯ ಒಂದು ಪುಟವನ್ನೂ ಓದದೆ, ಫೋನಿನಲ್ಲಿ ಅರ್ಧ ಗಂಟೆಯಲ್ಲಿ ಪಾತ್ರ ಕಟ್ಟಿ ಅದೇ ಸಂಜೆ ಆಡಿದ. ಹಾಳೆ, ಪೆನ್ಸಿಲ್, ರಬ್ಬರಿನ ಕಾಲದಲ್ಲಿ ಇದು ಆಗ್ತಿರಲಿಲ್ಲ.

ಆದರೆ ಲೆಕ್ಕ ಮಾಡಿಕೊಡೋ ಉಪಕರಣ ಲೆಕ್ಕಕ್ಕೇ ನಿಲ್ಲೋದಿಲ್ಲ. ನನ್ನ ಹೊಟ್ಟೆಪಾಡೇ ಇದು. ಡೇಟಾ ಸೈಂಟಿಸ್ಟ್ ಅಂದರೆ, ಮುಖ ನೋಡದ ಲಕ್ಷಾಂತರ ಜನರನ್ನು ಸಾಲು ಮತ್ತು ಕಾಲಮ್ಮುಗಳಾಗಿ ನೋಡುವವನು. ಈ ಕೆಲಸದಲ್ಲಿ ಬೇಗ ಅರ್ಥ ಆಗೋ ಒಂದು ಸಂಗತಿ ಇದೆ. ಯಾವುದಕ್ಕೆ ಕಾಲಮ್ ಇಲ್ಲವೋ ಅದು ಮಾಡೆಲ್ಲಿನ ಪಾಲಿಗೆ ಇಲ್ಲವೇ ಇಲ್ಲ. ಕಾಲಮ್ ಇಟ್ಟವನು ಕೆಟ್ಟವನಾಗಿರಬೇಕಿಲ್ಲ. ಅವನಿಗೆ ಆ ಸಂಗತಿ ಹೊಳೆದಿರಲಿಲ್ಲ, ಅಷ್ಟೇ.

ಇಲ್ಲಿ ಯುಎಇಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರ ನವೆಂಬರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಸುತ್ತೋಲೆ ಬಂದಾಗ ಎಷ್ಟು ಮನೆಗಳಲ್ಲಿ ಗಡಿಬಿಡಿ ಆಯ್ತು ನೆನಪಿದ್ಯಾ? ಆಮೇಲೆ, ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆಗುತ್ತೆ ಅಂತ ಸಡಿಲಿಸಿದರು. ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ತನ್ನ ಹೆಸರು ಅನ್ನೋ ನಮ್ಮ ಹಳೇ ಪದ್ಧತಿಗೆ ಆ ಫಾರ್ಮಿನಲ್ಲಿ ಜಾಗ ಇರಲಿಲ್ಲ. ನಮ್ಮ ಹಿರಿಯರಿಗೆ ಅಡ್ಡಹೆಸರು ಇರಲಿಲ್ಲ ಅನ್ನೋದು ಕೊರತೆಯಾಗಿ ಕಂಡಿದ್ದು ಖಾನೆ ಎದುರಿಗೆ ಬಂದಾಗಲೇ.

ಪಾತ್ರದ ಹಾಳೆಯಲ್ಲೂ ಇಂಥದ್ದೊಂದು ಖಾನೆ ಇದೆ, ಇಲ್ಲಿ ಹುಟ್ಟಿ ಬೆಳೆದ ಓದುಗರಿಗೆ ಇದು ತಟ್ಟಬಹುದು: ಭಾಷೆಗಳು. ಎಲ್ಲರಿಗೂ ಬರುವ 'ಕಾಮನ್' ಅನ್ನೋ ಒಂದು ಭಾಷೆ, ಜೊತೆಗೆ ಎಲ್ವಿಷ್, ಡ್ವಾರ್ವಿಷ್ ಹೀಗೆ. ಪಟ್ಟಿಯಲ್ಲಿ ಹೆಸರಿದ್ದರೆ ಆ ಭಾಷೆ ಬರುತ್ತೆ, ಇಲ್ಲದಿದ್ದರೆ ಬರೋಲ್ಲ. ಹೌದು ಅಥವಾ ಇಲ್ಲ. ನಮ್ಮ ಹುಡುಗ ಪಾತ್ರ ಕಟ್ಟುವಾಗ ಇಲ್ಲೇ ನಿಂತ. ಅವನ ಪಾತ್ರ ಎಲ್ಫ್ ತಾಯಿಯ ಮಗ, ಮನುಷ್ಯರ ಬಂದರಿನಲ್ಲಿ ಬೆಳೆದವನು. "ಅಂಕಲ್, ಇವನಿಗೆ ಎಲ್ವಿಷ್ ಅರ್ಥ ಆಗುತ್ತೆ, ಬೈದರೆ ಪೂರ್ತಿ ಅರ್ಥ ಆಗುತ್ತೆ, ಆದರೆ ವಾಪಸ್ ಮಾತಾಡೋಕೆ ಬರೋಲ್ಲ. ಏನು ಹಾಕ್ಲಿ?" ಅಂತ ಕೇಳಿದ. ಮೇಜಿನಲ್ಲಿ ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ನಾವು ನಾಲ್ಕು ಜನ ಕೂತು ಹತ್ತು ನಿಮಿಷ ಚರ್ಚೆ ಮಾಡಿ ಒಂದು ನಿಯಮ ಮಾಡಿಕೊಂಡೆವು. ಅಡುಗೆ, ಬೈಗುಳ, ಲಾಲಿಹಾಡು, ದೇವರ ಹೆಸರು ದಾಳ ಇಲ್ಲದೆಯೇ ಅರ್ಥ ಆಗುತ್ತೆ. ರಾಜಸಭೆಯ ಎಲ್ವಿಷ್ ಆದರೆ ದಾಳ ಹಾಕಬೇಕು. ಉತ್ತರ ಕೊಡುವಾಗ ಕಾಮನ್ ಬೆರೆಸಿಯೇ ಕೊಡಬೇಕು. ಆ್ಯಪಿನಲ್ಲಿ ಇದನ್ನು ಬರೆಯೋಕೆ ಸಿಕ್ಕಿದ್ದು ಟಿಪ್ಪಣಿಯ ಮೂಲೆ ಮಾತ್ರ. ಆದರೆ ಆಟದಲ್ಲಿ ಆ ನಿಯಮ ಪೂರ್ತಿ ನಡೆಯಿತು. ಅದಕ್ಕೆ ಬಲ ಬಂದಿದ್ದು ನಾಲ್ಕು ಜನ ಒಪ್ಪಿದ್ದರಿಂದ.

ಕಂಪನಿ ನಿಯಮ ಬದಲಿಸೋದು ಬೇರೆ ಥರ. ಕುಲದ ಖಾನೆಯನ್ನೇ ನೋಡಿ. 2014ರ ನಿಯಮದಲ್ಲಿ ಡ್ವಾರ್ಫ್ ಆಗಿ ಹುಟ್ಟಿದರೆ ತಾಳಿಕೆಗೆ ಎರಡು ಅಂಕ, ಎಲ್ಫ್ ಆಗಿ ಹುಟ್ಟಿದರೆ ಚುರುಕಿಗೆ ಎರಡು. ಹುಟ್ಟಿನಿಂದಲೇ ಸಾಮರ್ಥ್ಯ. 2020ರ ಟಾಷಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್ ಅನ್ನೋ ಪುಸ್ತಕ, ಆ ಅಂಕಗಳನ್ನು ಬೇಕಾದ ಗುಣಕ್ಕೆ ಹಾಕಿಕೊಳ್ಳಬಹುದು ಅಂದಿತು. 2024ರಲ್ಲಿ ಅವು ಕುಲದಿಂದ ಪೂರ್ತಿ ಕಳಚಿ ಹಿನ್ನೆಲೆಗೆ, ಅಂದರೆ ಪಾತ್ರ ಏನು ಕೆಲಸ ಮಾಡಿಕೊಂಡು ಬೆಳೆಯಿತು ಅನ್ನೋದಕ್ಕೆ ಹೋದವು. 'ರೇಸ್' ಅನ್ನೋ ಪದವೂ ಹೋಗಿ 'ಸ್ಪೀಷೀಸ್' ಬಂತು. ಹುಟ್ಟಾ, ಬಾಳಿದ ರೀತಿಯಾ ಅನ್ನೋದು ನಮ್ಮಲ್ಲಿ ವಚನಕಾರರ ಕಾಲದಿಂದಲೂ ಕೇಳಿಬಂದ ಪ್ರಶ್ನೆ. ಬದಲಾವಣೆ ಒಳ್ಳೆಯದೇ, ನನಗೆ ಸಂತೋಷ. ಆದರೆ ಎಷ್ಟೋ ಮೇಜುಗಳಲ್ಲಿ ಜನ ತಮ್ಮಷ್ಟಕ್ಕೇ ಹಿಂದೆಯೇ ಹೀಗೆ ಆಡ್ತಿದ್ದರು. ಡ್ವಾರ್ಫ್ ಮನೆಯಲ್ಲಿ ಹುಟ್ಟಿದ ಸೋಮಾರಿ ಕವಿಯನ್ನು ಆಡೋಕೆ ಅವರು ಯಾರ ಅಪ್ಪಣೆಗೂ ಕಾದಿರಲಿಲ್ಲ.

ಇನ್ನು ಒಡೆತನ. 2010ರ ಕೊನೆಗೆ ನಾಲ್ಕನೇ ಆವೃತ್ತಿಯ ಪಾತ್ರ ಕಟ್ಟುವ ತಂತ್ರಾಂಶವನ್ನು ಕಂಪ್ಯೂಟರಿನಿಂದ ವೆಬ್ಬಿಗೆ ಒಯ್ದರು. ಅದು ನಿಂತಿದ್ದು ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್ ಮೇಲೆ. ಸಿಲ್ವರ್‌ಲೈಟ್ ಸತ್ತಿತು, 2019 ಮುಗಿಯುವ ಹೊತ್ತಿಗೆ ಆ ಸೇವೆಯೂ ಮುಚ್ಚಿತು. ಪ್ರಿಂಟ್ ತೆಗೆದು ಇಟ್ಟುಕೊಂಡವರ ಪಾತ್ರಗಳು ಉಳಿದವು. 2022ರಲ್ಲಿ ಹ್ಯಾಸ್ಬ್ರೋ ಕಂಪನಿ ಡಿ ಅಂಡ್ ಡಿ ಬಿಯಾಂಡ್ ಅನ್ನು 14.63 ಕೋಟಿ ಡಾಲರಿಗೆ ಕೊಂಡಿತು. 2024ರ ಆಗಸ್ಟಿನಲ್ಲಿ, ಹೊಸ ಕೈಪಿಡಿ ಬರೋಕೆ ಮುಂಚೆ, ಎಲ್ಲರ ಪಾತ್ರದ ಹಾಳೆಯಲ್ಲೂ ಹಳೇ ಮಂತ್ರಗಳ ಮತ್ತು ಮಾಂತ್ರಿಕ ವಸ್ತುಗಳ ಜಾಗದಲ್ಲಿ ಹೊಸ ಆವೃತ್ತಿಯವು ಕೂರುತ್ತವೆ, ಹಳೆಯದೇ ಬೇಕಾದವರು ಕೈಯಾರೆ ಬರೆದುಕೊಳ್ಳಿ ಅಂತ ಪ್ರಕಟಣೆ ಬಂತು. ಜನ ಗಲಾಟೆ ಎಬ್ಬಿಸಿದರು. ಕೆಲವೇ ದಿನದಲ್ಲಿ ಕಂಪನಿ ಆ ನಿರ್ಧಾರ ಕೈಬಿಟ್ಟಿತು.

ಆ ಗಲಾಟೆಯಲ್ಲಿ ಹೆಚ್ಚು ಕೇಳಿಬಂದದ್ದು 'ನಾನು ದುಡ್ಡು ಕೊಟ್ಟಿದ್ದೀನಿ' ಅನ್ನೋ ವಾದ. ಸರಿಯಾದ ವಾದವೇ. ಆದರೆ ನನಗೆ ಅದು ಸಾಲದು ಅನ್ನಿಸುತ್ತೆ. ನನ್ನ ಪಾತ್ರ ಮೂರು ವರ್ಷದಿಂದ ಒಂದು ಮಂತ್ರ ಬಳಸ್ತಾ ಇದೆ, ಆ ಮಂತ್ರದಿಂದ ಒಂದು ಊರು ಉಳಿದಿದೆ, ಆ ಕಥೆ ನಾಲ್ಕು ಜನರ ನೆನಪಲ್ಲಿದೆ. ಮಂತ್ರ ಇನ್ನು ಮುಂದೆ ಬೇರೆ ಥರ ಕೆಲಸ ಮಾಡುತ್ತೆ ಅಂದರೆ, ನಾವೆಲ್ಲ ಸೇರಿ ಆಡಿದ ಒಂದು ಸಂಜೆಯನ್ನು ಯಾರೋ ಮೂರನೆಯವರು ತಿದ್ದಿದ ಹಾಗೆ. ಇಲ್ಲಿ ನಷ್ಟ ಆಗಿದ್ದು ಗ್ರಾಹಕನಿಗೆ ಮಾತ್ರವಾ? ಪಕ್ಕದಲ್ಲಿ ಕೂತು ಆ ಸಂಜೆ ಉಸಿರು ಬಿಗಿಹಿಡಿದವನಿಗೂ ಅದರಲ್ಲಿ ಪಾಲಿಲ್ಲವಾ? ಅವನು ದುಡ್ಡು ಕೊಟ್ಟಿರದೇ ಇರಬಹುದು.

ಈಗ ನಮ್ಮ ಜಗಳಕ್ಕೆ ಬರ್ತೀನಿ.

ನಮ್ಮ ಮೇಜು ಹಳೆಯದು. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ ಇದ್ದಾಗ ಗುರುವಾರ ರಾತ್ರಿ ಆಡ್ತಿದ್ದೆವು. 2022ರ ಜನವರಿಯಿಂದ ರಜೆ ಶನಿವಾರ, ಭಾನುವಾರಕ್ಕೆ ಬದಲಾದ ಮೇಲೆ ಶನಿವಾರ ಸಂಜೆ. ಅಬುಧಾಬಿಯಿಂದ ಇಬ್ಬರು ಬರ್ತಾರೆ, ಬರುವಾಗ ಒಂದೂವರೆ ಗಂಟೆ, ಹೋಗುವಾಗ ಒಂದೂವರೆ ಗಂಟೆ. ಮೊದಲಿನಿಂದ ಇದ್ದ ಒಬ್ಬ ಗೆಳೆಯನ ಪಾತ್ರದ ಹೆಸರು ಗುಂಡಣ್ಣ. ಡ್ವಾರ್ಫ್, ಅರ್ಚಕ, ಸುತ್ತಿಗೆ ಹಿಡಿಯೋನು, ಊಟದ ವಿಷಯಕ್ಕೆ ಬಂದರೆ ಸಂಧಾನವೇ ಇಲ್ಲ. ಗೆಳೆಯ ಕೆಲಸ ಬದಲಿಸಿ ಟೊರಾಂಟೊಗೆ ಹೋದ. ಇಲ್ಲಿಗೂ ಅಲ್ಲಿಗೂ ಬೇಸಿಗೆಯಲ್ಲಿ ಎಂಟು, ಚಳಿಗಾಲದಲ್ಲಿ ಒಂಬತ್ತು ಗಂಟೆ ಅಂತರ. ಇಂಟರ್ನೆಟ್ ಕರೆಗಳ ಪಾಡು ಇಲ್ಲಿ ಏನು ಅಂತ ಇಲ್ಲಿರೋರಿಗೆ ಹೇಳಬೇಕಾಗಿಲ್ಲ, ವಾಟ್ಸಾಪಿನಲ್ಲಿ ಅಮ್ಮನಿಗೆ ಕರೆ ಮಾಡೋಕೇ ಆಗೋಲ್ಲ. ಎರಡು ಸಲ ಪ್ರಯತ್ನ ಮಾಡಿ ಬಿಟ್ಟೆವು.

ಗಲ್ಫಿನ ಬದುಕಿನಲ್ಲಿ ಇದು ಹೊಸದಲ್ಲ. ವೀಸಾ ಮುಗಿಯುತ್ತೆ, ಮಕ್ಕಳ ಕಾಲೇಜು ಬರುತ್ತೆ, ಊರಲ್ಲಿ ಅಪ್ಪನಿಗೆ ಹುಷಾರಿರೋಲ್ಲ. ಹೋಗೋರು ಸೋಫಾ, ವಾಷಿಂಗ್ ಮಷೀನ್ ಯಾರಿಗೋ ಕೊಟ್ಟು ಹೋಗ್ತಾರೆ. ಗುಂಡಣ್ಣನನ್ನು ಏನು ಮಾಡೋದು? ಕಥೆ ನಡುವಲ್ಲಿದೆ, ನಾವು ಒಂದು ಗುಹೆಯೊಳಗಿದ್ದೀವಿ, ಗಾಯ ಮಾಯಿಸುವ ಮಂತ್ರ ಇರೋದು ಅವನೊಬ್ಬನ ಹತ್ತಿರ.

ಒಬ್ಬರು, ಅವನಿಗೊಂದು ವೀರಮರಣ ಕೊಡೋಣ ಅಂದರು. ಇನ್ನೊಬ್ಬರು, ಡಿಎಮ್ ಆಡಿಸಲಿ ಅಂದರು. ಹುಡುಗ, ತನ್ನ ಪಾತ್ರ ಆಗಲೇ ಸತ್ತಿದ್ದರಿಂದ, ನಾನು ಗುಂಡಣ್ಣನನ್ನು ಆಡ್ತೀನಿ ಅಂದ. ಆಗ ಮೇಜಿನ ಹಿರಿಯ ಸದಸ್ಯರೊಬ್ಬರು ಖಡಾಖಂಡಿತವಾಗಿ ಹೇಳಿದರು, ಇನ್ನೊಬ್ಬರ ಪಾತ್ರ ಮುಟ್ಟಬಾರದು, ಅದು ಅವನದ್ದು, ಅವನ ಅಕೌಂಟಿನಲ್ಲಿದೆ. ಮಾತು ಬೆಳೆಯಿತು. ಅವತ್ತು ಆಟ ನಡೆಯಲಿಲ್ಲ.

'ಅವನ ಅಕೌಂಟಿನಲ್ಲಿದೆ' ಅನ್ನೋ ಮಾತು ನನ್ನ ತಲೆಯಲ್ಲಿ ಉಳಿಯಿತು. ಹಾಳೆಯ ಕಾಲದಲ್ಲಿ ಯಾರೂ ಹಾಗೆ ಹೇಳ್ತಿರಲಿಲ್ಲ. ಹಾಳೆಗಳು ಡಿಎಮ್ ಮನೆಯ ಡ್ರಾಯರಿನಲ್ಲಿ ಎಲ್ಲರದ್ದೂ ಒಟ್ಟಿಗೇ ಇರ್ತಿದ್ದವು. ಪಾತ್ರ ಒಬ್ಬರ ಸ್ವತ್ತು ಅನ್ನೋ ಭಾವನೆ ಮೊದಲೂ ಇತ್ತು, ಇಲ್ಲ ಅಂತಲ್ಲ. ಪಾಸ್‌ವರ್ಡ್ ಬಂದ ಮೇಲೆ ಅದಕ್ಕೊಂದು ಬೀಗ ಬಿತ್ತು, ಬೀಗ ಇದೆ ಅಂದಮೇಲೆ ಒಳಗಿರೋದು ಸ್ವತ್ತೇ ಇರಬೇಕು ಅಂತ ನಮಗೆ ತೋರತೊಡಗಿತು.

ತಾಳಮದ್ದಳೆಯಲ್ಲಿ ಈ ಬೀಗ ಇಲ್ಲ. ವಾಲಿ ಯಾರ ಸ್ವತ್ತೂ ಅಲ್ಲ. ಪ್ರಸಂಗದ ಪದ್ಯ ಇದೆ, ಅದನ್ನು ಭಾಗವತರು ಹಾಡ್ತಾರೆ, ಅದು ಬದಲಾಗೋಲ್ಲ. ವಾಲಿ ಸಾಯಲೇಬೇಕು. ಆದರೆ ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳಿದಾಗ ರಾಮನ ಅರ್ಥಧಾರಿ ಅಲ್ಲೇ, ಆ ಕ್ಷಣದಲ್ಲೇ ಉತ್ತರ ಹುಡುಕಬೇಕು. ಕಾಸರಗೋಡಿನ ಕುಂಬಳೆ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರ ಪಕ್ಷ ಹಿಡಿದು ಮಾತಾಡಿದ್ದಕ್ಕೆ ಹೆಸರಾದವರು. ಅವರು ಕೂತ ದಿನ ಎದುರಾಳಿಗೆ ಕಷ್ಟ ಅಂತ ಹಳಬರು ಈಗಲೂ ಹೇಳ್ತಾರೆ. ಶೇಣಿಯವರ ವಾಲಿ ಅಂತ ಜನ ಹೇಳೋದು ನಿಜ. ಆದರೆ ಶೇಣಿಯವರು ಎದ್ದು ಹೋದ ಮೇಲೆ ವಾಲಿಯನ್ನು ಇನ್ಯಾರೂ ಆಡಬಾರದು ಅಂತ ಯಾರೂ ಹೇಳಲಿಲ್ಲ. ಮುಂದಿನ ಊರಿನಲ್ಲಿ ಬೇರೆಯವರು ಕೂತರು, ವಾಲಿ ಬೇರೆ ಥರ ವಾದ ಮಾಡಿದ. ಕೇಳೋರು ಎರಡನ್ನೂ ಹೋಲಿಸಿ ನೋಡಿದರು, ಇದು ವಾಲಿಗೆ ಒಪ್ಪುತ್ತೆ, ಇದು ಒಪ್ಪೋಲ್ಲ ಅಂತ ಚಾವಡಿಯಲ್ಲಿ ಕೂತು ತೀರ್ಪು ಕೊಟ್ಟರು. ಅಲ್ಲಿ ಅರ್ಥಧಾರಿಗೆ ಸ್ವಾತಂತ್ರ್ಯ ಎಷ್ಟಿದೆಯೋ ಹೊಣೆಯೂ ಅಷ್ಟೇ ಇದೆ, ಆ ಹೊಣೆ ಕಥೆಗೆ, ಎದುರು ಕೂತವನಿಗೆ, ಕೇಳುವವರಿಗೆ.

ಗುಂಡಣ್ಣ ಪುರಾಣದವನಲ್ಲ, ನಿಜ. ವಾಲಿಯನ್ನು ಶತಮಾನಗಳು ಕಟ್ಟಿವೆ, ಗುಂಡಣ್ಣನನ್ನು ಒಬ್ಬ ಗೆಳೆಯ ಕಟ್ಟಿದ. ಹೋಲಿಕೆ ಇಲ್ಲಿ ಕುಂಟುತ್ತೆ ಅಂತ ಆ ಹಿರಿಯರು ಹೇಳಿದ್ದರಲ್ಲಿ ಅರ್ಥ ಇದೆ. ಆದರೆ ಅವನೊಬ್ಬನೇ ಕಟ್ಟಿದನಾ? ಗುಂಡಣ್ಣನಿಗೆ ಸೇತುವೆ ಕಂಡರೆ ಭಯ ಅಂತ ಶುರುವಾಗಿದ್ದು ನಾನು ಹೇಳಿದ ಒಂದು ತಮಾಷೆಯಿಂದ. ಅವನಿಗೊಬ್ಬ ತಮ್ಮ ಇದ್ದಾನೆ ಅಂತ ತಂದಿದ್ದು ಡಿಎಮ್. ಇವು ಯಾವುದೂ ಹಾಳೆಯಲ್ಲಿಲ್ಲ. ಹಾಳೆಯಲ್ಲಿ ಅವನ ಸ್ವಭಾವದ ಖಾನೆಯಲ್ಲಿ ಇರೋದು 'ನ್ಯೂಟ್ರಲ್ ಗುಡ್' ಅನ್ನೋ ಎರಡು ಪದ, ಒಂಬತ್ತು ಆಯ್ಕೆಗಳಲ್ಲಿ ಒಂದು.

ಕೊನೆಗೆ ಗೆಳೆಯನಿಗೇ ವಾಯ್ಸ್ ನೋಟ್ ಕಳಿಸಿದೆವು. ಉತ್ತರ ಮಾರನೇ ದಿನ ಬಂತು. "ಆಡಿ ಮಾರಾಯ, ಹುಡುಗನೇ ಆಡ್ಲಿ. ಒಂದೇ ಮಾತು. ಗುಂಡಣ್ಣ ಇಲ್ಲಿವರೆಗೆ ಸುಳ್ಳು ಹೇಳಿದವನಲ್ಲ. ಅಷ್ಟು ನೋಡ್ಕೊಳ್ಳಿ." ನಮಗೆ ಆಶ್ಚರ್ಯ. ಮೂರು ವರ್ಷ ಪಕ್ಕದಲ್ಲಿ ಕೂತಿದ್ದರೂ ಯಾರೂ ಗಮನಿಸಿರಲಿಲ್ಲ. ಹಿಂದಿನದೆಲ್ಲ ನೆನಪಿಸಿಕೊಂಡು ನೋಡಿದರೆ, ಹೌದು. ಜಗಳ ಆಡಿದ್ದಾನೆ, ಕದ್ದು ತಿಂದಿದ್ದಾನೆ, ಸುಳ್ಳು ಮಾತ್ರ ಹೇಳಿಲ್ಲ.

ಹುಡುಗ ಆಡತೊಡಗಿದ. ಅಂಕಿಗಳನ್ನು ಅದೇ ಆ್ಯಪಿನಲ್ಲಿ ತನ್ನ ಅಕೌಂಟಿನಲ್ಲಿ ಹೊಸದಾಗಿ ತುಂಬಿಕೊಂಡ, ಇಪ್ಪತ್ತು ನಿಮಿಷದ ಕೆಲಸ. ಉಪಕರಣ ಇದಕ್ಕೆ ಬಹಳ ಚೆನ್ನಾಗಿದೆ ಅಂತ ಮತ್ತೆ ಹೇಳ್ತೀನಿ. ಮೂರನೇ ವಾರವೋ ನಾಲ್ಕನೇ ವಾರವೋ, ಕೋಟೆಯ ಬಾಗಿಲಲ್ಲಿ ಕಾವಲುಗಾರ ಗುಂಡಣ್ಣನನ್ನೇ ಹಿಡಿದು, ನಿಮ್ಮ ಜೊತೆ ಇರೋ ಹುಡುಗಿ ಯಾರು ಅಂತ ಕೇಳಿದ. ಅವಳು ತಲೆಮರೆಸಿಕೊಂಡ ರಾಜಕುಮಾರಿ. ಸುಳ್ಳು ಹೇಳೋಕೆ ದಾಳ ಹಾಕುವ ಅಂಕಿ ಆ್ಯಪಿನಲ್ಲಿದೆ, ಒತ್ತಿದರೆ ಸಾಕು. ಹುಡುಗ ಫೋನು ತಿರುವಿ ಮೇಜಿನ ಮೇಲಿಟ್ಟ. ತುಂಬಾ ಹೊತ್ತು ಸುಮ್ಮನಿದ್ದು, "ಅದನ್ನ ನಾನು ಹೇಳೋಲ್ಲ" ಅಂದ. ಹೊಡೆದಾಟ ಆಯ್ತು. ಇಬ್ಬರು ಸಾಯುವ ಸ್ಥಿತಿಗೆ ಬಂದರು, ಅವರಲ್ಲಿ ನಾನೊಬ್ಬ. ನನಗೆ ಸಿಟ್ಟು ಬಂದಿದ್ದೂ ಹೌದು.

ಇಲ್ಲಿ ನನಗೆ ಇನ್ನೂ ಬಗೆಹರಿಯದ ಒಂದು ವಿಷಯ ಇದೆ. ಗೆಳೆಯ ಟೊರಾಂಟೊದಲ್ಲಿ ಹೊಸ ಮೇಜು ಹುಡುಕಿಕೊಂಡ. ಅಲ್ಲಿ ಮತ್ತೆ ಗುಂಡಣ್ಣನನ್ನೇ ಮೊದಲ ಹಂತದಿಂದ ಶುರು ಮಾಡಿದ. ಅಂದರೆ ಈಗ ಇಬ್ಬರು ಗುಂಡಣ್ಣರು, ಒಂದೇ ಸುತ್ತಿಗೆ, ಒಂದೇ ಹಸಿವು. ಕಳೆದ ತಿಂಗಳು ಅವನು ಹೇಳಿದ, ಅಲ್ಲಿಯ ಗುಂಡಣ್ಣ ಒಂದು ಸುಳ್ಳು ಹೇಳಿದನಂತೆ, ಒಂದು ಮಗುವನ್ನು ಉಳಿಸೋಕೆ. ಆ ಮೇಜಿನಲ್ಲಿ ಎಲ್ಲರೂ ಕಣ್ಣು ಒರೆಸಿಕೊಂಡರಂತೆ.

ಹುಡುಗನಿಗೆ ಇದನ್ನು ಹೇಳಿದೆ. ಅವನು ಯೋಚನೆಯನ್ನೇ ಮಾಡಲಿಲ್ಲ. "ಹಾಗಾದರೆ ಅದು ಗುಂಡಣ್ಣ ಅಲ್ಲ ಅಂಕಲ್." ಕಟ್ಟಿದವನೇ ಆಡ್ತಿದ್ದಾನಲ್ಲೋ ಅಂದೆ. "ಆಡ್ಲಿ, ಏನೀಗ?" ಅಂದ. ನಾನು ವಾಲಿಯ ಕಥೆ ಹೇಳಿ, ಒಂದೇ ಪಾತ್ರ ಎರಡು ಊರಲ್ಲಿ ಎರಡು ಥರ ಮಾತಾಡಬಹುದು ಅಂತ ಒಪ್ಪಿಸೋಕೆ ನೋಡಿದೆ. ಅವನು ಕೇಳಿಸಿಕೊಂಡ, ಒಪ್ಪಲಿಲ್ಲ. ಮುಂದಿನ ಸಲ ಗೆಳೆಯ ರಜೆಗೆ ದುಬೈ ಮೂಲಕ ಊರಿಗೆ ಹೋಗುವಾಗ ಒಂದು ಸಂಜೆ ಇಲ್ಲಿ ಇಳಿದುಕೊಳ್ತಾನೆ. ಇಬ್ಬರನ್ನೂ ಎದುರುಬದುರು ಕೂರಿಸಿ ವಾದ ಮಾಡಿಸಬೇಕು ಅಂತಿದ್ದೀವಿ. ಇಬ್ಬರೂ ಒಪ್ಪಿದರೆ ಅದನ್ನು ರೆಕಾರ್ಡ್ ಮಾಡಿ ಇಲ್ಲಿ ಹಾಕ್ತೀವಿ.